ಊಟ ಎಲ್ಲಿ ಚೊಲೋ ಸಿಗತೈತಿ?

ಗುರೆಳ್ಳು ಹುರಿಯುವ ವಾಸನೆ ಯಾರ ಮನೆಯಿಂದ ಬಂದರೂ ನನ್ನ ಕಾಲು ತಾನಾಗಿಯೇ ನಿಂತುಬಿಡುತ್ತದೆ. ಮೊನ್ನೆ ಮೂಡಲಗಿಯಲ್ಲಿ ಶಾಲೆ ಬಿಟ್ಟು ಮನೆಗೆ ಬರುತ್ತಿದ್ದೆ. ಕೈಯಲ್ಲಿ ಮಕ್ಕಳ ಉತ್ತರಪತ್ರಿಕೆಗಳ ಕಟ್ಟು, ಹೆಗಲಿಗೆ ಚೀಲ, ನೆತ್ತಿಯ ಮೇಲೆ ಬಿಸಿಲು. ಓಣಿಯ ತಿರುವಿನಲ್ಲಿ ಯಾರದೋ ಅಡುಗೆಮನೆಯ ಕಿಟಕಿಯಿಂದ ಆ ವಾಸನೆ ಬಂತು. ಮೊದಲು ತುಸು ಹಸಿಹಸಿ, ಆಮೇಲೆ ಎಣ್ಣೆ ಬಿಟ್ಟ ಘಮ, ಕೊನೆಗೆ ಇನ್ನೊಂದು ಗಳಿಗೆ ಬಿಟ್ಟರೆ ಸೀದೇ ಹೋಯಿತು ಎನ್ನುವಂಥ ಘಾಟು. ನನಗೆ ತಡೆಯಲಾಗಲಿಲ್ಲ. "ಒಲಿ ಸಣ್ಣ ಮಾಡ್ರಿ ಯಕ್ಕಾ, ಹೊತ್ತತೈತಿ!" ಎಂದು ಕಿಟಕಿಯತ್ತ ಕೂಗಿಯೇಬಿಟ್ಟೆ. ಒಳಗಿನಿಂದ "ಯಾರವ್ವಾ ಅದು?" ಎಂಬ ಗಾಬರಿಯ ದನಿಯೂ, ಅದರ ಹಿಂದೆಯೇ ಒಲೆ ಸಣ್ಣ ಮಾಡಿದ ಸದ್ದೂ ಕೇಳಿತು. ನಾನು ಕಳ್ಳಿಯಂತೆ ಮುಂದೆ ನಡೆದೆ. ಐವತ್ತರ ಹತ್ತಿರ ಬಂದ ಮಾಸ್ತರಬಾಯಿ ಮಾಡುವ ಕೆಲಸವೇ ಇದು? ಏನು ಮಾಡಲಿ, ನನ್ನನ್ನು ಬೆಳೆಸಿದವಳು ಹಾಗಿದ್ದಳು.

ಮನೆ ಮುಟ್ಟುವಷ್ಟರಲ್ಲಿ ಫೋನು ಬಂತು. ನಮ್ಮ ಶಾಲೆಯ ಗಣಿತದ ಮಾಸ್ತರರು. ಅವರ ಬೀಗರು ಮೈಸೂರಿನ ಕಡೆಯಿಂದ ಗೋಕಾಕ ಫಾಲ್ಸ್ ನೋಡಲು ಬರುವವರಿದ್ದರಂತೆ. "ಬಾಯಾರ, ಗೋಕಾಕದಾಗ ಊಟ ಎಲ್ಲಿ ಚೊಲೋ ಸಿಗತೈತಿ, ಹೇಳ್ರಿ," ಎಂದರು. ಬರುವವರು ಎಷ್ಟು ಮಂದಿ, ರೊಟ್ಟಿ ತಿನ್ನಬೇಕೆಂಬ ಆಸೆಯಿಂದ ಬರುತ್ತಾರೋ ಹೊಟ್ಟೆ ತುಂಬಿದರೆ ಸಾಕೆಂದು ಬರುತ್ತಾರೋ, ಅವರಲ್ಲಿ ಹಲ್ಲು ಬಿದ್ದ ಹಿರಿಯರು ಇದ್ದಾರೋ ಎಂದು ನಾನು ಕೇಳತೊಡಗಿದೆ. ಮಾಸ್ತರರು ಜೋರಾಗಿ ನಕ್ಕರು. "ಏನ್ರಿ ಬಾಯಾರ, ವರಾ ನೋಡಾಕತ್ತೀರೇನ್ರಿ? ಒಂದ್ ಹೆಸರು ಹೇಳ್ರಿ ಸಾಕು, ಉಳಿದದ್ದು ಮೊಬೈಲ್ ಹೇಳತೈತಿ." ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಊಟದ ದಾರಿ ಹೇಳುವುದೆಂದರೆ ಅಷ್ಟು ಹಗುರವೇ? ಹಸಿದು ಬಂದವನು ನಿಮ್ಮ ಮಾತು ನಂಬಿ ಒಂದು ಬಾಗಿಲಿಗೆ ಹೋಗಿ ಕೂರುತ್ತಾನೆ. ಅಲ್ಲಿ ಕೆಟ್ಟ ಊಟ ಸಿಕ್ಕರೆ ಅವನ ಆ ದಿನವನ್ನು ನೀವೇ ಕೆಡಿಸಿದಂತೆ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದಲ್ಲ. ಐದು-ಆರನೆಯ ಇಯತ್ತೆಯಲ್ಲಿದ್ದಾಗ, ಗೋಕಾಕದ ಒಂದು ಕಟ್ಟೆಯ ಮೇಲೆ ಕೂತು ಕಲಿತದ್ದು.

ಆ ಕಟ್ಟೆ ಈಗಿಲ್ಲ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಎಡಕ್ಕೆ ಮೂರನೆಯ ಮನೆ. ಈಗ ಅಲ್ಲಿ ಮೊಬೈಲ್ ಅಂಗಡಿ, ಮೇಲೆ ಟ್ಯೂಷನ್ ಕ್ಲಾಸು. ಆಗ ಅದು ನನ್ನ ಅಪ್ಪನ ತಾಯಿ ಗಂಗವ್ವನ ಖಾನಾವಳಿ. ಬೋರ್ಡು ಗೀರ್ಡು ಏನೂ ಇರಲಿಲ್ಲ. ಊರವರು ಗಂಗವ್ವನ ಮನಿ ಎನ್ನುತ್ತಿದ್ದರು, ಅಷ್ಟೇ. ಅವ್ವ ಅಪ್ಪ ಕಲ್ಲೋಳಿಯಲ್ಲಿ ಹೊಲ ನೋಡಿಕೊಂಡಿದ್ದರು. ಶಾಲೆ ಚೆನ್ನಾಗಿದೆಯೆಂದು ನನ್ನನ್ನು ಆಯಿಯ ಹತ್ತಿರ ಬಿಟ್ಟಿದ್ದರು. ಆಯಿ ಎಂದರೆ ನಮ್ಮಲ್ಲಿ ಅಜ್ಜಿ. ಮನೆಯಲ್ಲಿ ಮೂರೇ ಜನ: ಆಯಿ, ನಾನು, ಮತ್ತು ಮದುವೆಯಾಗದ ನನ್ನ ಕಾಕಾ. ಹೊರಗಿನ ಪಡಸಾಲೆಯಲ್ಲಿ ಎರಡು ಸಾಲು ಮಣೆ, ಗೋಡೆಗೆ ಸುಣ್ಣ, ಮೂಲೆಯಲ್ಲಿ ನೀರಿನ ಹಂಡೆ. ಒಳಗೆ ಅರ್ಧ ಗೋಡೆಯ ಆಚೆ ಆಯಿಯ ಒಲೆ. ಬಡಿಸುವುದು ಕಾಕಾನ ಕೆಲಸ. ಅವನು ಉದ್ದಕ್ಕೆ ಒಣಗಿದವನು. ಬಗ್ಗಿ ಬಡಿಸುವಾಗ ಗಿರಾಕಿಗಳು, "ಶಿವಪ್ಪಾ, ಮೊದಲ ನೀ ಒಂದ್ ರೊಟ್ಟಿ ತಿಂದ್ ಬಾರೋ ಮಾರಾಯಾ, ನಿನ್ನ ನೋಡಿದ್ರ ಖಾನಾವಳಿ ಮ್ಯಾಲಿನ ನಂಬಿಗಿ ಹೋಗತೈತಿ," ಎಂದು ಕಾಡುತ್ತಿದ್ದರು.

ಆಯಿಯ ಊಟವೆಂದರೆ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಒಂದು ಕಾಳಿನ ಪಲ್ಯ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು, ಸೀಳಿದ ಉಳ್ಳಾಗಡ್ಡಿ, ತೊಳೆದಿಟ್ಟ ಹಸಿ ಮೆಂತ್ಯದ ಸೊಪ್ಪು. ಕೊನೆಗೆ ಬೇಕೆಂದವರಿಗೆ ಅನ್ನ, ಸಾರು. ಜೋಳ ಅಂಕಲಗಿಯ ಒಬ್ಬ ರೈತರಿಂದಲೇ ಬರಬೇಕು, ಬೇರೆಯದು ಆಗದು. ಇದೆಲ್ಲದರ ಮೇಲೆ ಆಕೆಯ ರೊಟ್ಟಿ. ಬಿಸಿನೀರು ಹಾಕಿ ನಾದಿದ ಹಿಟ್ಟನ್ನು ಅಂಗೈಯಲ್ಲಿ ಬಡಿಯುತ್ತ ತಿರುಗಿಸುವಾಗ ಬರುವ ಸಪ್ಪಳ ಓಣಿಯ ಬಾಯಿವರೆಗೆ ಕೇಳುತ್ತಿತ್ತು. ಒಂದೇ ಸಮ, ಎಲ್ಲೂ ತೊಡರದ ಸಪ್ಪಳ. ಶಾಲೆಯಿಂದ ಬರುವಾಗ ಅದು ಕಿವಿಗೆ ಬಿದ್ದರೆ ಸಾಕು, ನನ್ನ ಹಸಿವು ಇಮ್ಮಡಿಯಾಗುತ್ತಿತ್ತು. ಓಡಿ ಬಂದು ಒಲೆಯ ಪಕ್ಕ ಕುಕ್ಕರಗಾಲಲ್ಲಿ ಕೂತರೆ, ಹಂಚಿನಿಂದ ಇಳಿದ ರೊಟ್ಟಿ ನೇರ ನನ್ನ ತಟ್ಟೆಗೆ. ಅದರ ಉಬ್ಬಿದ ಹೊಟ್ಟೆಗೆ ಬೆರಳು ಚುಚ್ಚಿದರೆ ಬುಸ್ಸೆಂದು ಹಬೆ ಬರುತ್ತಿತ್ತು. ಅದರೊಳಗೆ ಬೆಣ್ಣೆ. ನಿಮಗೂ ಅಂಥದೊಂದು ಒಲೆಯ ಪಕ್ಕದ ಜಾಗ ಇದ್ದಿರಬಹುದು. ಇದ್ದಿದ್ದರೆ ನಾನು ಹೆಚ್ಚು ಹೇಳಬೇಕಿಲ್ಲ.

ತಿಂದಾದ ಮೇಲೆ ನಾನು ಪಾಟಿಚೀಲ ಹಿಡಿದು ಹೊರಗಿನ ಕಟ್ಟೆಯ ಮೇಲೆ ಕೂರುತ್ತಿದ್ದೆ. ಅಭ್ಯಾಸ ಮಾಡುವುದು ನೆಪ. ನನ್ನ ನಿಜವಾದ ಕೆಲಸ ಬಂದವರಿಗೆ ಊಟದ ದಾರಿ ಹೇಳುವುದು. ಮಳೆಗಾಲದಲ್ಲಿ ಫಾಲ್ಸ್ ತುಂಬಿ ಧುಮುಕುತ್ತಿದ್ದರೆ ಬಸ್ ಬಸ್ ಜನ ಇಳಿಯುತ್ತಿದ್ದರು. ಓಣಿಯೊಳಗೆ ಇಣುಕಿ, "ಪಾಪು, ಇಲ್ಲಿ ಊಟ ಎಲ್ಲಿ ಚೆನ್ನಾಗಿರುತ್ತೆ?" ಎಂದು ಕೇಳುತ್ತಿದ್ದರು. "ನಮ್ಮಲ್ಲೇ ಬನ್ನಿ" ಎಂದರೆ ಮುಗಿಯಿತಲ್ಲ, ಅನ್ನುತ್ತೀರಿ. ಹಾಗೆ ಹೇಳಿದರೆ ಆಯಿ ಒಳಗಿನಿಂದಲೇ ಗದರುತ್ತಿದ್ದಳು. ಆಕೆಯ ನೇಮವೇ ಬೇರೆ. ಮೊದಲು ಅವರಿಗೆ ಏನು ಬೇಕೆಂದು ಕೇಳಬೇಕು. ಚಪಾತಿ ಬೇಕೆಂದರೆ ಮಾರ್ಕೆಟ್ಟಿನ ಮೂಲೆಯಲ್ಲಿರುವ ಮರಾಠಿ ಬಾಯಿಯ ಮನೆ. ಇಡ್ಲಿ ಬೇಕೆಂದರೆ ಉಡುಪಿಯವರ ಹೋಟೆಲು. ಮಟನ್ ಬೇಕೆಂದರೆ ಊರ ಅಂಚಿನಲ್ಲಿ ಕುರಿ ಸಾಕುವವರ ಮನೆ, ಅದೂ ಭಾನುವಾರ ಮಾತ್ರ. ಸಂಜೆ ಮಿರ್ಚಿಗೆ ಸಿನೆಮಾ ಥೇಟರಿನ ಎದುರಿನ ಗಾಡಿ. ಊರಿಗೆ ಒಯ್ಯಲು ಕರದಂಟು ಬೇಕೆಂದರೆ ಪೇಟೆಗೆ ಹೋಗಿ, ಎರಡು ಅಂಗಡಿಯಲ್ಲಿ ರುಚಿ ನೋಡಿ, ಮೂರನೆಯದರಲ್ಲಿ ಕೊಳ್ಳಬೇಕು. ಜೋಳದ ರೊಟ್ಟಿ ಬೇಕು ಅಂದರೆ ಮಾತ್ರ, "ನಮ್ಮ ಮನ್ಯಾಗ ಬರ್ರಿ." ಇದನ್ನೆಲ್ಲ ನಾನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ್ದೆ. ನಿಜವಾದ ಮಗ್ಗಿಯೇ ಬರುತ್ತಿರಲಿಲ್ಲ.

ಕಾಕಾನಿಗೆ ಇದು ನುಂಗಲಾರದ ತುತ್ತು. "ಯವ್ವಾ, ಕಾಲಾಗ ಬಂದ ಗಿರಾಕಿನ ನಾವ ಕೈ ಹಿಡದು ಮಂದಿ ಮನಿಗೆ ಕಳಿಸೂದೇನ?" ಎಂದು ಗೊಣಗುತ್ತಿದ್ದ. ಆಯಿ ಕೈಯ ಹಿಟ್ಟು ಬಿಡದೆ ಉತ್ತರಿಸುತ್ತಿದ್ದಳು. "ಹಸದು ಬಂದಾಂವಗ ಸುಳ್ಳ ಹೇಳಬಾರದೋ. ಬ್ಯಾರೆ ಯಾವ್ದರಾಗರ ಹೇಳು, ಹೊಟ್ಟಿ ವಿಷಯದಾಗ ಬ್ಯಾಡ. ನನ್ನ ಚಪಾತಿ ನಿನಗ ಗೊತ್ತಿಲ್ಲೇನ? ಚಪ್ಪಲಿಗೆ ತಳಾ ಹಾಕಬಹುದು." ಕಾಕಾ ನಕ್ಕುಬಿಡುತ್ತಿದ್ದ. ಆದರೆ ಸರಿಯಾಗಿ ಕೇಳಿಕೊಳ್ಳದಿದ್ದರೆ ಏನಾಗುತ್ತದೆಂಬುದಕ್ಕೆ ನಮ್ಮ ಮನೆಯಲ್ಲೇ ಒಂದು ಪಾಠವಾಗಿತ್ತು. ದಕ್ಷಿಣದ ಕಡೆಯ ಸಾಹೇಬರೊಬ್ಬರು ಬಂದು, "ಅಮ್ಮಾ, ಖಾರ ಕಮ್ಮಿ ಹಾಕಿ," ಎಂದು ವಿನಯದಿಂದ ಹೇಳಿ ಕೂತರು. ನಮ್ಮಲ್ಲಿ ಖಾರವೆಂದರೆ ತಟ್ಟೆಯ ಅಂಚಿಗೆ ಹಾಕುವ ಕೆಂಪು ಮೆಣಸಿನಕಾಯಿಯ ಚಟ್ನಿ. ಆಯಿ ಲಿಂಬೆಕಾಯಿಯಷ್ಟು ಹಾಕುವ ಕಡೆ ಹುಣಸೆಬೀಜದಷ್ಟು ಹಾಕಿ ಕಳಿಸಿದಳು. ಸಾಹೇಬರು ಎಣ್ಣೆಗಾಯಿಯ ಮೊದಲ ತುತ್ತಿಗೇ ಕಿವಿಯವರೆಗೆ ಕೆಂಪಾದರು. "ಖಾರ ಕಮ್ಮಿ ಅಂದಿದ್ದೆನಲ್ಲಮ್ಮಾ!" ಎಂದು ಕಣ್ಣೀರು ಒರೆಸಿಕೊಂಡರೆ, ಆಯಿ ಒಲೆ ಬಿಟ್ಟು ಎದ್ದು ಬಂದು, ತಟ್ಟೆಯ ಅಂಚು ತೋರಿಸಿ, "ಇಷ್ಟ ಹಾಕೇನಲ್ರೀ ಯಪ್ಪಾ! ಇದಕಿಂತ ಕಮ್ಮಿ ಹಾಕಿದ್ರ ಕಣ್ಣಿಗೆ ಕಾಣೂದಿಲ್ರಿ," ಎಂದಳು. ಆಮೇಲೆ ವಿಷಯ ತಿಳಿದು, ಅವರಿಗೆ ಬಟ್ಟಲು ಮೇಲೆ ಬಟ್ಟಲು ಮೊಸರು ಬಡಿಸಿ, ಸಂಜೆಯವರೆಗೂ ಪೇಚಾಡಿದಳು. ಅಂದಿನಿಂದ ನನ್ನ ಬಾಯಿಪಾಠಕ್ಕೆ ಇನ್ನೊಂದು ಪ್ರಶ್ನೆ ಸೇರಿತು: "ಖಾರ ಅಂದ್ರ ಯಾವ ಖಾರ್ರಿ?"

ನಾನು ಐದನೆಯ ಇಯತ್ತೆಗೆ ಬಂದ ವರ್ಷ ಬಸ್ ಸ್ಟ್ಯಾಂಡಿನ ಆಚೆ ಬದಿಗೆ ಹೊಸದೊಂದು ಖಾನಾವಳಿ ಶುರುವಾಯಿತು. ಮಸಗುಪ್ಪಿಯಿಂದ ಬಂದ ನಿಂಗವ್ವ ಎಂಬಾಕೆ. ಮೂವತ್ತರ ಒಳಗಿನ ವಯಸ್ಸು, ಗಟ್ಟಿ ತೋಳು, ಮಾತು ಕಡಿಮೆ. ಅವಳದೂ ಜೋಳದ ರೊಟ್ಟಿಯೇ. ಕಾಕಾ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಆಯಿ ಮಾತ್ರ ನನ್ನನ್ನು ಕರೆದು, "ಸುಮ್ಮೀ, ಹೋಗಿ ಉಂಡ್ ಬಾ. ಖರೆ ಖರೆ ಹೇಳಬೇಕು ನೋಡು," ಎಂದು ಕಳಿಸಿದಳು. ತಾನು ಹೋಗಲಿಲ್ಲ. ಆಯಿ ಯಾವ ಹೋಟೆಲಿನ ಮೆಟ್ಟಿಲನ್ನೂ ತುಳಿದವಳಲ್ಲ. ಊರಿಗೆಲ್ಲ ಹೇಳುತ್ತಿದ್ದ ಆ ಇಡ್ಲಿ, ಆ ಚಪಾತಿ, ಎಲ್ಲ ಕಾಕಾ ಮತ್ತು ನಾನು ತಿಂದು ಬಂದು ಒಪ್ಪಿಸಿದ ವರದಿಯ ಮೇಲೆಯೇ. ನಾನು ಗತ್ತಿನಿಂದ ಹೋಗಿ, ಉಂಡು ಬಂದು, "ಚೊಲೋ ಐತಿ ಆಯಿ. ನಿನ್ನ ರೊಟ್ಟಿಕಿಂತ ಒಂಚೂರು ಕಮ್ಮಿ," ಎಂದೆ. ಅದು ನಿಜವೇ ಆಗಿತ್ತು. ಆಯಿಯ ಮುಖ ಅರಳಿತು. ಒಂಚೂರು ಎಂದರೆ ಎಷ್ಟು ಎಂದು ಎರಡು ಸಲ ಕೇಳಿದಳು.

ಮರುವರ್ಷ ಆಷಾಢದ ಮಳೆಯಲ್ಲಿ ಆಯಿ ನಳದ ಹತ್ತಿರ ಕಾಲು ಜಾರಿ ಬಿದ್ದಳು. ಬಲಗೈಯ ಮಣಿಕಟ್ಟು ಮುರಿಯಿತು. ಎಲುಬು ಕೂಡಿಸುವ ಅಜ್ಜನೊಬ್ಬ ಬಂದು ಬಿದಿರಿನ ದಬ್ಬೆ ಕಟ್ಟಿದ. ಒಂದು ತಿಂಗಳು ಖಾನಾವಳಿ ಬಂದ್, ಕಾಕಾ ಬೇಯಿಸಿದ ಅನ್ನ ಸಾರೇ ಮೂವರಿಗೂ ಊಟ. ಆಯಿ ಹೊಟ್ಟೆನೋವು ಬಂದವಳಂತೆ ಮನೆಯೊಳಗೆ ಸುಳಿದಾಡಿದಳು. ನಾಗರ ಪಂಚಮಿಗೆ ದಬ್ಬೆ ಬಿಚ್ಚಿದರು. ಮರುದಿನವೇ ಒಲೆ ಹೊತ್ತಿತು. ನಾನು ಶಾಲೆಯಿಂದ ಕುಣಿಯುತ್ತ ಬಂದವಳು ಓಣಿಯ ಬಾಯಲ್ಲಿ ನಿಂತುಬಿಟ್ಟೆ. ಸಪ್ಪಳ ಬೇರೆಯಾಗಿತ್ತು. ಎರಡು ಪೆಟ್ಟು, ಒಂದು ತಡೆ. ಮತ್ತೆ ಎರಡು ಪೆಟ್ಟು, ತಡೆ. ಆಯಿಯ ಕೈ ಸೊಟ್ಟಗೆ ಕೂಡಿಕೊಂಡಿತ್ತು, ಅಂಗೈ ಪೂರ್ತಿ ತಿರುಗುತ್ತಿರಲಿಲ್ಲ. ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಅಂಚು ಒಡೆದು ಬಾಯಿ ಬಿಡುತ್ತಿತ್ತು. ಹಂಚಿನ ಮೇಲೆ ಉಬ್ಬುತ್ತಲೇ ಇರಲಿಲ್ಲ, ನಡುವೆ ಹಿಟ್ಟು ಹಸಿಯಾಗಿಯೇ ಉಳಿಯುತ್ತಿತ್ತು. "ನೋಡಾಕ ಸೊಟ್ಟ ಐತಿ. ತಿನ್ನಾಕ ಹೆಂಗೈತಿ?" ಎಂದು ಆಯಿ ಕೇಳಿದಳು. "ಮೊದಲಿನಂಗ ಐತಿ," ಎಂದೆ. ಅಷ್ಟು ಸಲೀಸಾಗಿ ಬಂತು ಆ ಸುಳ್ಳು.

ಹಳೆಯ ಗಿರಾಕಿಗಳು ಆಯಿಯ ಮೇಲಿನ ಪ್ರೀತಿಗೆ, ಮಾಯೆಗೆ ಅಗಿದು ನುಂಗಿದರು. ಹೊಸಬರಿಗೆ ಯಾವ ಮಾಯೆ? ತಟ್ಟೆಯಲ್ಲಿ ಅರ್ಧರ್ಧ ರೊಟ್ಟಿ ಬಿಟ್ಟು ಏಳುತ್ತಿದ್ದರು. ಆ ತುಂಡುಗಳನ್ನು ಆಯಿ ನೋಡಬಾರದೆಂದು ಕಾಕಾ ತಟ್ಟೆ ಎತ್ತುವಾಗಲೇ ಪಂಚೆಯ ಮಡಿಕೆಗೆ ಸೇರಿಸಿ ಹಿತ್ತಲಿಗೆ ಒಯ್ಯುತ್ತಿದ್ದ. ನಾನು ಅಲ್ಲಿಂದ ಎತ್ತಿಕೊಂಡು ಪಕ್ಕದ ಮನೆಯ ಎಮ್ಮೆಗೆ ಹಾಕುತ್ತಿದ್ದೆ. ಹೀಗೆ ಮಾಡೋಣವೆಂದು ನಾವಿಬ್ಬರೂ ಒಂದು ದಿನವೂ ಮಾತಾಡಿಕೊಂಡಿರಲಿಲ್ಲ. ಎಮ್ಮೆ ಮಾತ್ರ ನನ್ನನ್ನು ಕಂಡರೆ ಹಗ್ಗ ಜಗ್ಗತೊಡಗಿತು. ಕಟ್ಟೆಯ ಮೇಲೆ ಕೂತಾಗ ನನಗೆ ಮೈಯೆಲ್ಲ ಮುಳ್ಳು. ಚಪಾತಿ ಕೇಳುವವರು ಬರಲಿ, ಇಡ್ಲಿ ಕೇಳುವವರು ಬರಲಿ, ದೇವರೇ, ರೊಟ್ಟಿ ಕೇಳುವವರು ಮಾತ್ರ ಬರದಿರಲಿ ಎಂದು ಹರಕೆ ಹೊರುತ್ತಿದ್ದೆ. ಬಂದೇ ಬರುತ್ತಿದ್ದರು. ನಾನು ನೆಲ ನೋಡುತ್ತ, "ನಮ್ಮ ಮನ್ಯಾಗ ಬರ್ರಿ," ಎನ್ನುತ್ತಿದ್ದೆ. ಹಾಗೆನ್ನದೆ ಬೇರೆಡೆ ಕಳಿಸಿದರೆ ಆಯಿಗೆ ಗೊತ್ತಾಗಿಬಿಡುತ್ತದೆ. ರೊಟ್ಟಿಯೂ ಹೋದರೆ ಆಯಿಗೆ ಇನ್ನೇನು ಉಳಿಯಿತು?

ಗಣಪತಿ ಹಬ್ಬ ಮುಗಿದ ವಾರ. ಶನಿವಾರ, ಬೆಳಗಿನ ಶಾಲೆ ಬಿಟ್ಟು ಬಂದು ಕಟ್ಟೆಯ ಮೇಲೆ ಕೂತಿದ್ದೆ. ಗಂಡ ಹೆಂಡತಿ ಒಬ್ಬ ಮುದುಕಿಯನ್ನು ಕೈಹಿಡಿದು ಕರೆತಂದರು. ಆ ಹೆಂಗಸು, "ಪುಟ್ಟಿ, ನಮ್ಮತ್ತೆಗೆ ಜೋಳದ ರೊಟ್ಟಿ ತಿನ್ನೋ ಆಸೆ. ಎಳೆ ವಯಸ್ಸಿನಲ್ಲಿ ಈ ಕಡೆ ಇದ್ರಂತೆ. ಹಲ್ಲಿಲ್ಲ, ಮೆತ್ತಗಿರಬೇಕು. ಎಲ್ಲಿ ಸಿಗುತ್ತೆ?" ಎಂದಳು. ಮುದುಕಿ ನನ್ನನ್ನೇ ನೋಡುತ್ತ ಬೊಚ್ಚುಬಾಯಲ್ಲಿ ನಕ್ಕಳು. ಒಳಗೆ ಆಯಿಯ ಬಡಿತ ಗಕ್ಕನೆ ನಿಂತಿತು. ಅರ್ಧ ಗೋಡೆಯ ಆಚೆಯಿಂದ ಆಕೆ ನನ್ನ ಉತ್ತರಕ್ಕೆ ಕಿವಿಗೊಟ್ಟಿದ್ದಾಳೆಂದು ನನಗೆ ಗೊತ್ತಾಯಿತು. ನಾನು ಮುದುಕಿಯ ಒಸಡು ನೋಡಿದೆ. ಆ ಒಡಕು ಅಂಚಿನ ರೊಟ್ಟಿ ಆ ಬಾಯಿಗೆ ಹೋಗುವುದು ಕಣ್ಣಿಗೆ ಕಟ್ಟಿತು. "ಬಸ್ ಸ್ಟ್ಯಾಂಡ್ ದಾಟಿ ಆಚೀ ಬಾಜೂ ಹೋಗ್ರಿ," ಎಂದೆ. ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣಗಿತ್ತು. "ನಿಂಗವ್ವನ ಮನಿ ಅಂತ ಕೇಳ್ರಿ. ಅಲ್ಲಿ ರೊಟ್ಟಿ ಮೆತ್ತಗ ಇರತಾವ." ಅವರು ಹೋದರು. ಪಡಸಾಲೆಯಲ್ಲಿ ಕಾಕಾ ಸೌಟು ಹಿಡಿದು ನಿಂತಲ್ಲೇ ನಿಂತಿದ್ದ. ನಾನು ಪಾಟಿಯಿಂದ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ.

ಗಿರಾಕಿಗಳೆಲ್ಲ ಹೋದ ಮೇಲೆ ಆಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನನ್ನ ಪಕ್ಕ ಕೂತಳು. ಹೊಡೆಯುತ್ತಾಳೆ ಅಂದುಕೊಂಡೆ. "ಖರೆ ಹೇಳಿದೇನ?" ಎಂದಳು. ತಲೆ ಆಡಿಸಿದೆ. "ಯಾವಾಗಿಂದ ಹಿಂಗೈತಿ?" "ಪಂಚಮಿಯಿಂದ." ಆಗ ಸಿಟ್ಟು ಬಂತು ನೋಡಿ ಆಕೆಗೆ. "ಪಂಚಮಿಯಿಂದ! ಮತ್ತ ಇಷ್ಟ ದಿನಾ ಯಾಕ ಮೊದಲಿನಂಗ ಐತಿ ಅಂದಿ? ನನ್ನ ಕೈಲೆ ಅಷ್ಟ ಮಂದಿ ಹೊಟ್ಟಿಗೆ ಹಸಿ ಹಿಟ್ಟ ಹಾಕಿಸಿದೆಲ್ಲ, ಮೂಳ! ನೀನೂ ಶಾಣ್ಯಾಕಿ, ಆಂವನೂ ಶಾಣ್ಯಾ!" ಎಂದು ಕಾಕಾನ ಕಡೆಗೂ ಕೈ ಬೀಸಿದಳು. ಬೀಸಿದ ಕೈಯನ್ನು ಹಾಗೇ ಹಿಡಿದು, ಆ ಸೊಟ್ಟ ಮಣಿಕಟ್ಟನ್ನು ತಿರುವಿ ತಿರುವಿ ನೋಡಿದಳು. ಆಮೇಲೆ ನನ್ನ ತಲೆಯನ್ನು ಎದೆಗೆ ಒತ್ತಿಕೊಂಡಳು. ಆಕೆಯ ಸೀರೆಗೆ ಹೊಗೆಯ, ಹಿಟ್ಟಿನ ವಾಸನೆ ಇತ್ತು. ಆಯಿ ಅಳಲಿಲ್ಲ. ನಾನೇ ಇಬ್ಬರ ಪಾಲಿನದೂ ಅತ್ತೆ.

ಮರುದಿನ ಮಧ್ಯಾಹ್ನ ಒಲೆ ಹೊತ್ತಲಿಲ್ಲ. ಆಯಿ ಲಗ್ನಗಳಿಗೆ ಮಾತ್ರ ಉಡುವ ಇಳಕಲ್ ಸೀರೆ ಉಟ್ಟು, ನನ್ನ ಕೈ ಹಿಡಿದು, ಬಸ್ ಸ್ಟ್ಯಾಂಡ್ ದಾಟಿ ನಿಂಗವ್ವನ ಬಾಗಿಲಿಗೆ ಬಂದಳು. ನಿಂಗವ್ವ ಒಲೆಯ ಮುಂದಿನಿಂದ ದಡಬಡಿಸಿ ಎದ್ದಳು. ಗಿರಾಕಿಯನ್ನು ಕಸಿದುಕೊಂಡಳೆಂದು ಮುದುಕಿ ಜಗಳಕ್ಕೆ ಬಂದಿದ್ದಾಳೆ ಎಂದೇ ಆಕೆ ತಿಳಿದದ್ದು. "ಬರ್ರಿ ಆಯಿ... ನಾ ಏನೂ ಕೇಳಿಲ್ರಿ, ನಿನ್ನೆ ಅವರ ತಾವಾಗಿ ಬಂದ್ರು..." ಎಂದು ತೊದಲಿದಳು. "ಹಸಿವಾಗೇತಿ," ಎಂದಳು ಆಯಿ. "ಊಟಕ್ಕ ಬಂದೇನಿ. ಕುಂಡ್ರಾಕ ಮಣಿ ಹಾಕ್ತಿಯೇನು?" ಕೂತಳು. ಅವಸರಕ್ಕೆ ನಿಂಗವ್ವನ ಮೊದಲ ರೊಟ್ಟಿ ಹರಿದುಹೋಯಿತು. ಎರಡನೆಯದು ಹಂಚಿನ ಮೇಲೆ ತುಂಬಿ ಉಬ್ಬಿತು. ಅದನ್ನು ಹಾಗೇ ತಂದು ಆಯಿಯ ತಟ್ಟೆಗೆ ಹಾಕಿದಳು. ಆಯಿ ಅಂಚು ಮುರಿದಳು. ಹಬೆ ಮುಖಕ್ಕೆ ಬಡಿಯಿತು. ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿ ಅಗಿದಳು, ಅಗಿಯುತ್ತಲೇ ಇದ್ದಳು. ನಿಂಗವ್ವನಿಗೆ ಜೀವ ಹೋಗಿಬರುತ್ತಿತ್ತು. "ಯಾಕ್ರಿ ಆಯಿ, ಹಿಟ್ಟು ನಾದಿದ್ದು ಸಾಲಿಲ್ಲೇನ್ರಿ?"

ಆಯಿ ಕಣ್ಣು ತೆರೆದಳು. ಕಣ್ಣು ತುಂಬಿತ್ತು. "ಬಿಸಿ ರೊಟ್ಟಿ ಅಂದ್ರ ಹಿಂಗಿರತೈತೇನವ್ವಾ?" ಎಂದಳು.

ನಾನು ಮೊದಲು ನಕ್ಕೆ. ಜನ್ಮವಿಡೀ ರೊಟ್ಟಿ ಬಡಿದವಳು ಕೇಳುವ ಮಾತೇ ಅದು ಎಂದು. ಆಮೇಲೆ ನಿಂಗವ್ವನ ಮುಖ ನೋಡಿದೆ. ಅವಳು ನಗುತ್ತಿರಲಿಲ್ಲ. ತುಟಿ ಕಚ್ಚಿಕೊಂಡು ಒಲೆಯ ಕಡೆ ತಿರುಗಿದಳು. ಆಗ ನನಗೆ ತಿಳಿಯಿತು. ಆಯಿ ಹದಿಮೂರಕ್ಕೆ ಮದುವೆಯಾಗಿ ಬಂದವಳು. ಅತ್ತೆ ಮಾವನಿಗೆ, ಗಂಡನಿಗೆ, ಹೊಲದ ಆಳುಗಳಿಗೆ, ಮಕ್ಕಳಿಗೆ, ಆಮೇಲೆ ಇಡೀ ಊರಿಗೇ ಬಿಸಿಬಿಸಿಯಾಗಿ ಬಡಿದು ಹಾಕಿದವಳು. ಎಲ್ಲರದೂ ಆಗಿ, ಒಲೆ ಆರಿಸಿ, ಬುಟ್ಟಿಯ ತಳದಲ್ಲಿ ಉಳಿದ ತಣ್ಣನೆಯ ರೊಟ್ಟಿ ತಿನ್ನುತ್ತಿದ್ದಳು. ಬಡಿಯುವವಳ ತಟ್ಟೆಗೆ ಬಿಸಿಯದು ಹಾಕಲು ಇನ್ನೊಬ್ಬಳು ಬೇಕಲ್ಲ. ದಿನಾ ಮೊದಲ ರೊಟ್ಟಿಗೆ ಬೆರಳು ಚುಚ್ಚುತ್ತಿದ್ದವಳು ನಾನು. ಬಂದ ಬಂದವರಿಗೆಲ್ಲ ಎಲ್ಲಿ ಉಣ್ಣಬೇಕೆಂದು ಹೇಳಲು ನನ್ನ ನಾಲಿಗೆ ಅಷ್ಟು ಚುರುಕಾಗಿತ್ತು. ಆಯಿ ಏನು ಉಣ್ಣುತ್ತಾಳೆಂದು ಒಂದು ದಿನವೂ ನೋಡಿರಲಿಲ್ಲ. ನನಗೆ ಈಗಲೂ ಇದು ನಾಚಿಕೆಯ ಸಂಗತಿ. ಅಂದು ಆಯಿ ನಾಲ್ಕು ರೊಟ್ಟಿ ತಿಂದಳು. ನಾಲ್ಕನ್ನೂ ನಿಂಗವ್ವ ಹಂಚಿನಿಂದ ನೇರ ತಂದು ಹಾಕಿದಳು.

ಖಾನಾವಳಿ ಮತ್ತೆ ತೆರೆಯಲಿಲ್ಲ. ಕಾಕಾ ಒಂದು ಕಿರಾಣಿ ಅಂಗಡಿಯಲ್ಲಿ ಪಗಾರಕ್ಕೆ ನಿಂತ. ಬಗ್ಗುವುದು ತಪ್ಪಿದ್ದರಿಂದಲೋ ಏನೋ, ಒಂದಿಷ್ಟು ಮೈ ತುಂಬಿಕೊಂಡ. ಆಯಿ ಸೊರಗುತ್ತಾಳೆ ಎಂದು ಎಲ್ಲರೂ ಅಂಜಿದ್ದರು. ಆಕೆ ಮಾಡಿದ್ದೇ ಬೇರೆ. "ಇಷ್ಟ ವರ್ಷ ನಿಮ್ಮ ಮಾತ ಕೇಳಿ ಮಂದಿನ ಕಳಿಸೇನಿ. ಖರೇನೋ ಸುಳ್ಳೋ ಈಗ ನೋಡತೇನಿ," ಎಂದು ನನ್ನನ್ನು ಕಟ್ಟಿಕೊಂಡು ಊರೆಲ್ಲ ಉಣ್ಣುತ್ತ ಹೊರಟಳು. ಉಡುಪಿಯವರ ಇಡ್ಲಿಗೆ, "ಜ್ವರಾ ಬಂದವರಿಗೆ ಚೊಲೋ," ಎಂದಳು. ಮರಾಠಿ ಬಾಯಿಯ ಚಪಾತಿ ಮುರಿದು ಪದರ ಎಣಿಸಿ, ಸೋತೆ ಎಂದು ಒಪ್ಪಿಕೊಂಡಳು. ಮಿರ್ಚಿ ಗಾಡಿಯವನಿಗೆ ಎಣ್ಣೆ ಬದಲಿಸಲು ಹೇಳಿ ಜಗಳ ಮಾಡಿ, ಮರುವಾರ ಮತ್ತೆ ಹೋದಳು. ಹುಕ್ಕೇರಿಯಲ್ಲಿ ಯಾರೋ ಬೇಳೆಯ ಆಮಟಿ ಸಾರು ಚೆನ್ನಾಗಿ ಮಾಡುತ್ತಾರೆಂದು ಬಸ್ಸಿನಲ್ಲಿ ನನ್ನನ್ನು ಅಲ್ಲಿಗೂ ಕರೆದೊಯ್ದಳು. ಆ ಊರಿಗೇ ಮುಂದೆ ನಾನು ಸೊಸೆಯಾಗಿ ಹೋದದ್ದು ಬೇರೆ ಮಾತು. ಸಂಜೆ ನಾವಿಬ್ಬರೂ ಕಟ್ಟೆಯ ಮೇಲೆ ಕೂತು ಬಂದವರಿಗೆ ದಾರಿ ಹೇಳುತ್ತಿದ್ದೆವು. ಈಗ ಆಯಿ ತಾನೇ ತಿಂದು ಹೇಳುತ್ತಿದ್ದುದರಿಂದ ಆ ಮಾತಿಗೆ ಬೇರೆಯೇ ತೂಕ. ಅಷ್ಟು ಸುಖವಾಗಿ ಇದ್ದ ಆಯಿಯನ್ನು ನಾನು ಮೊದಲು ನೋಡಿರಲಿಲ್ಲ.

ಆರು ವರ್ಷ ಹಾಗೆ ಇದ್ದಳು. ಕೊನೆಯ ತಿಂಗಳು ಹಾಸಿಗೆ ಹಿಡಿದಳು. ಗಂಜಿ ಬಿಟ್ಟು ಏನೂ ಸೇರುತ್ತಿರಲಿಲ್ಲ. ಒಂದು ಮಧ್ಯಾಹ್ನ ಓಣಿಯಲ್ಲಿ ಯಾರೋ ಓಡಿ ಬರುವ ಸದ್ದು. ನಿಂಗವ್ವ. ಖಾನಾವಳಿ ತುಂಬ ಗಿರಾಕಿಗಳನ್ನು ಬಿಟ್ಟು, ಒಂದು ರೊಟ್ಟಿಯನ್ನು ಆರದಂತೆ ಸೆರಗಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು, ಬಸ್ ಸ್ಟ್ಯಾಂಡ್ ದಾಟಿ ಓಡುತ್ತ ಬಂದಿದ್ದಳು. ಮೊಣಕೈವರೆಗೆ ಹಿಟ್ಟು, ಹಣೆಯ ಮೇಲೆ ಬೆವರು. ನಾನು ಆಯಿಯನ್ನು ಎಬ್ಬಿಸಿ ಗೋಡೆಗೆ ಒರಗಿಸಿದೆ. ಆಯಿ ರೊಟ್ಟಿಯ ಮೇಲೆ ಅಂಗೈ ಇಟ್ಟಳು. ಆಮೇಲೆ ನಿಂಗವ್ವನ ಮುಖ ನೋಡಿ, "ನೀ ಉಂಡೇನ?" ಎಂದು ಕೇಳಿದಳು. ನಿಂಗವ್ವ ಇಲ್ಲವೆಂದು ತಲೆಯಾಡಿಸಿದಳು. ಆಯಿ ಆ ಸೊಟ್ಟ ಕೈಯಿಂದಲೇ ರೊಟ್ಟಿ ಮುರಿದು, ದೊಡ್ಡ ತುಂಡನ್ನು ಅವಳತ್ತ ಹಿಡಿದಳು.

"ಕುಂಡ್ರು," ಎಂದಳು. "ಬಿಸಿ ಐತಿ, ತಿನ್ನು."